ಬೀದಿಯ ಹಬ್ಬಕ್ಕೆ ಅಪ್ಪಣೆಯ ಚೀಟಿ

ಹಬ್ಬ ಮಾಡುವುದು ಸುಲಭ, ಅದಕ್ಕೆ ಅಪ್ಪಣೆ ತರುವುದೇ ಕಷ್ಟ ಎಂಬುದು ಮುಂಬಯಿಯ ಸಂಘಸಂಸ್ಥೆಗಳ ಕಾರ್ಯದರ್ಶಿಗಳೆಲ್ಲರ ಅನುಭವದ ಮಾತು. ಚಪ್ಪರಕ್ಕೆ ಮಹಾನಗರಪಾಲಿಕೆ, ಮೆರವಣಿಗೆಗೆ ಪೋಲೀಸು, ಧ್ವನಿವರ್ಧಕಕ್ಕೆ ಮತ್ತೊಂದು ಚೀಟಿ. ಅರ್ಜಿ ಹಿಡಿದು ಓಡಾಡುವವರಿಗೆ ಇದು ಬರಿಯ ಕಚೇರಿಯ ಕಾಟವಾಗಿ ಕಾಣುವುದು ಸಹಜ. ಆದರೆ ಈ ಚೀಟಿಗೂ ಒಂದು ಇತಿಹಾಸವಿದೆ. ಈ ನಗರದಲ್ಲಿ ಯಾವ ಹಬ್ಬ ಬೀದಿಯಲ್ಲಿ ಉಳಿಯಿತು, ಯಾವುದು ಮರೆಯಾಯಿತು ಎಂಬ ಕಥೆಯಲ್ಲಿ ಈ ಚೀಟಿಯ ಪಾತ್ರ ಸಣ್ಣದೇನಲ್ಲ.

ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಬೀದಿಯ ದೊಡ್ಡ ಉತ್ಸವವೆಂದರೆ ಗಣೇಶೋತ್ಸವವಲ್ಲ, ಮೊಹರಂ. ಮೊಹಲ್ಲಾ ಮೊಹಲ್ಲಾಗಳಿಂದ ತಾಬೂತುಗಳು ಹೊರಡುತ್ತಿದ್ದವು. ಅವುಗಳೊಂದಿಗೆ ಟೋಳಿಗಳೆಂಬ ತರುಣರ ತಂಡಗಳು ವಾದ್ಯ ಬಾರಿಸುತ್ತ ಊರು ಸುತ್ತುತ್ತಿದ್ದವು. ನೋಡುವವರಲ್ಲಿ ಮಾತ್ರವಲ್ಲ, ಕುಣಿಯುವವರಲ್ಲಿಯೂ ಹಿಂದೂಗಳು ಇರುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾವಿ ಕುಣಿತವನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೆನಿಸಲಾರದು.

1888ರಲ್ಲಿ ಮುಂಬಯಿಗೆ ಹೊಸ ಮುನಿಸಿಪಲ್ ಕಾಯಿದೆ ಬಂದಿತು. ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿರುವುದು ಅದೇ ಕಾಯಿದೆ. ರಸ್ತೆಯ ಮೇಲೆ ಅಡ್ಡಿಯಾಗುವಂತೆ ಏನನ್ನೂ ಕಟ್ಟಬಾರದೆಂದು ಅದು ಒಂದು ಕಡೆ ಹೇಳುತ್ತದೆ. ಇನ್ನೊಂದು ಕಡೆ, 317ನೆಯ ಕಲಮಿನಲ್ಲಿ, ಹಬ್ಬ ಮತ್ತು ಸಮಾರಂಭಗಳ ಸಂದರ್ಭದಲ್ಲಿ ತಾತ್ಕಾಲಿಕ ಮಂಟಪಕ್ಕೆ ಮುನಿಸಿಪಲ್ ಕಮಿಶನರರು ಲಿಖಿತ ಅಪ್ಪಣೆ ಕೊಡಬಹುದು, ಆದರೆ ಅದಕ್ಕೆ ಪೋಲೀಸ್ ಕಮಿಶನರರ ಒಪ್ಪಿಗೆ ಇರಬೇಕು ಎನ್ನುತ್ತದೆ. ಎರಡು ಕಚೇರಿಗಳ ನಡುವೆ ನಮ್ಮ ಕಾರ್ಯದರ್ಶಿಗಳು ಸವೆಸುವ ಚಪ್ಪಲಿಯ ಮೂಲ ಇಲ್ಲಿದೆ. ನೆಲ ಒಬ್ಬರದು, ಜನಸಂದಣಿ ಇನ್ನೊಬ್ಬರದು ಎಂಬ ಹಂಚಿಕೆ ಅಂದಿನದು.

1893 ಎರಡು ಕಾರಣಗಳಿಂದ ನೆನಪಿಡಬೇಕಾದ ವರ್ಷ. ಆ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಭೀಕರ ಹಿಂದೂ-ಮುಸ್ಲಿಂ ದಂಗೆಯಾಯಿತು. ಅದೇ ವರ್ಷ ಗಿರಗಾಂವದ ಕೇಶವಜಿ ನಾಯಕ ಚಾಳಿನಲ್ಲಿ ಸಾರ್ವಜನಿಕ ಗಣೇಶೋತ್ಸವ ಮೊದಲಾಯಿತು. ಪುಣೆಯಲ್ಲಿ ಲೋಕಮಾನ್ಯ ತಿಲಕರು ಇದಕ್ಕೆ ಚಳವಳಿಯ ರೂಪ ಕೊಟ್ಟರು. ಮನೆಯೊಳಗಿನ ಗಣಪತಿ ಚಾಳಿನ ಅಂಗಳಕ್ಕೆ ಬಂದ, ಅಂಗಳದಿಂದ ಬೀದಿಗೆ ಬಂದ. ಒಂದು ಸಮಾಜದ ವಾದ್ಯ ಇನ್ನೊಂದು ಸಮಾಜದ ಪ್ರಾರ್ಥನಾಸ್ಥಳದ ಮುಂದೆ ಎಲ್ಲಿ ನಿಲ್ಲಬೇಕು, ಯಾವ ದಾರಿಯಿಂದ, ಎಷ್ಟು ಹೊತ್ತಿಗೆ ಸಾಗಬೇಕು ಎಂಬ ಪ್ರಶ್ನೆಗಳು ಸರಕಾರಕ್ಕೆ ತಲೆನೋವಾದವು. ಅಂದಿನ ಆಳರಸರಿಗೆ ಮೆರವಣಿಗೆಯೆಂದರೆ ಭಕ್ತಿಯಲ್ಲ, ಸಂಭವನೀಯ ಗಲಭೆ.

ಮೊಹರಮ್ಮಿಗೆ ಏನಾಯಿತೆಂದು ನೋಡಿದರೆ ಈ ದೃಷ್ಟಿಯ ಫಲ ತಿಳಿಯುತ್ತದೆ. 1911ರ ಮೊಹರಂ ಸಮಯದಲ್ಲಿ ಗಲಭೆಯಾಗಿ ಗೋಲೀಬಾರು ನಡೆಯಿತು. ಆಗಿನ ಪೋಲೀಸ್ ಕಮಿಶನರ್ ಎಸ್. ಎಂ. ಎಡ್ವರ್ಡ್ಸ್ ಮರುವರ್ಷ ನಿಯಮಗಳನ್ನು ಬಿಗಿಗೊಳಿಸಿದರು. ಟೋಳಿಗಳ ತಿರುಗಾಟಕ್ಕೂ ತಾಬೂತುಗಳ ಮೆರವಣಿಗೆಗೂ ಇದರಿಂದ ಕಡಿವಾಣ ಬಿದ್ದಿತು. ಶತಮಾನದ ಸಂಪ್ರದಾಯವಾಗಿದ್ದ ಆ ದೊಡ್ಡ ಮೆರವಣಿಗೆ ತನ್ನ ಹಳೆಯ ರೂಪದಲ್ಲಿ ಮತ್ತೆ ತಲೆಯೆತ್ತಲಿಲ್ಲ. ಎಡ್ವರ್ಡ್ಸ್ ಇತಿಹಾಸಪ್ರಿಯರು, ಮುಂಬಯಿ ಪೋಲೀಸಿನ ಚರಿತ್ರೆಯನ್ನೇ ಬರೆದವರು. ಅವರ ಕಣ್ಣಿಗೆ ಇದು ಶಾಂತಿಸ್ಥಾಪನೆ. ಆದರೆ ನಿಯಮದ ಲೇಖನಿಯೊಂದು ಒಂದು ಊರಿನ ಹಬ್ಬವನ್ನೇ ಬದಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹಳೆಯ ಪೋಲೀಸ್ ಕಾಯಿದೆಗಳನ್ನು ಒಗ್ಗೂಡಿಸಿ 1951ರಲ್ಲಿ ಮುಂಬಯಿ ಪೋಲೀಸ್ ಕಾಯಿದೆಯನ್ನು ರಚಿಸಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ, ಅಲ್ಲಿಂದ ಇಲ್ಲಿಗೆ ಬಂದ ಹಿರಿಯರಿಗೆ ಈ ಕಾಯಿದೆ ಪರಕೀಯವಾಗಿರಲಿಲ್ಲ. ಊರಿನಲ್ಲಿಯೂ ಅದೇ, ಇಲ್ಲಿಯೂ ಅದೇ. ಇದರ 33ನೆಯ ಕಲಮು ಮೆರವಣಿಗೆಯ ದಾರಿ, ಕ್ರಮ, ವೇಳೆಗಳನ್ನು ಗೊತ್ತುಪಡಿಸುವ ನಿಯಮಗಳನ್ನು ಮಾಡುವ ಅಧಿಕಾರವನ್ನು ಕೊಡುತ್ತದೆ. 37ನೆಯ ಕಲಮಿನಂತೆ ಶಾಂತಿರಕ್ಷಣೆಗಾಗಿ ಸಭೆ-ಮೆರವಣಿಗೆಗಳನ್ನು ನಿಷೇಧಿಸಲೂಬಹುದು. ಆದರೆ ರಾಜ್ಯಸರಕಾರದ ಮಂಜೂರಾತಿಯಿಲ್ಲದೆ ಆ ನಿಷೇಧ 15 ದಿನಗಳನ್ನು ಮೀರಬಾರದು.

ಕಾಯಿದೆಯ ಭಾಷೆ ಹೆಚ್ಚು ಬದಲಾಗಲಿಲ್ಲ. ಬದಲಾದದ್ದು ಅದರ ಮೇಲಿದ್ದ ಸಂವಿಧಾನ. ಶಸ್ತ್ರವಿಲ್ಲದೆ ಶಾಂತಿಯಿಂದ ಸಭೆ ಸೇರುವುದು ನಾಗರಿಕನ ಹಕ್ಕೆಂದು ಅದರ 19ನೆಯ ಅನುಚ್ಛೇದ ಸಾರಿತು. ಹಾಗಾದರೆ ಪೋಲೀಸರ ಅಪ್ಪಣೆ ಏನು? ಅದು ಕೊಡುವವರ ಕೃಪೆಯೋ, ಕೇಳುವವರ ಹಕ್ಕೋ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಅಹಮದಾಬಾದಿನ ಒಂದು ಮೊಕದ್ದಮೆಯಿಂದ. ಗುಜರಾತವೂ ಹಳೆಯ ಮುಂಬಯಿ ರಾಜ್ಯದ ಭಾಗವಾಗಿದ್ದುದರಿಂದ ಅಲ್ಲಿಯೂ 1951ರ ಕಾಯಿದೆಯೇ ಜಾರಿಯಲ್ಲಿತ್ತು. 1969ರಲ್ಲಿ ಹಿಮತಲಾಲ ಶಹಾ ಎಂಬುವರು ಬೀದಿಯಲ್ಲಿ ಸಾರ್ವಜನಿಕ ಸಭೆ ನಡೆಸಲು ಅಪ್ಪಣೆ ಕೇಳಿದರು, ಪೋಲೀಸರು ನಿರಾಕರಿಸಿದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರೂ ಇದ್ದ ಐವರ ಪೀಠ 1972ರ ಸೆಪ್ಟೆಂಬರಿನಲ್ಲಿ ತೀರ್ಪು ನೀಡಿತು. ಬೀದಿಯಲ್ಲಿ ಸಭೆ ಸೇರುವುದನ್ನು ಸರಕಾರ ನಿಯಂತ್ರಿಸಬಹುದು, ಆದರೆ ಪೂರ್ತಿಯಾಗಿ ಮುಚ್ಚಿಹಾಕುವಂತಿಲ್ಲ. ಯಾವ ಕಾರಣಕ್ಕೆ ಕೊಡಬೇಕು, ಯಾವುದಕ್ಕೆ ನಿರಾಕರಿಸಬೇಕು ಎಂಬ ಮಾರ್ಗದರ್ಶನವಿಲ್ಲದೆ ಅಧಿಕಾರಿಯ ಇಚ್ಛೆಗೇ ಎಲ್ಲವನ್ನೂ ಬಿಟ್ಟ ನಿಯಮ ಸಿಂಧುವಲ್ಲ ಎಂಬುದು ಅದರ ಸಾರ. ಅಧಿಕಾರಿಯ ಮರ್ಜಿಯಲ್ಲಿದ್ದ ಚೀಟಿ ಅಂದಿನಿಂದ ಕಾರಣ ಹೇಳಬೇಕಾದ ಚೀಟಿಯಾಯಿತು.

ಹೊರನಾಡಿನಲ್ಲಿರುವ ನಮಗೆ ಈ ತೀರ್ಪಿನ ಬೆಲೆ ಇತರರಿಗಿಂತ ಒಂದು ಕೈ ಹೆಚ್ಚು. ಊರಿನ ಭಾಷೆ ಬೇರೆ, ನಮ್ಮ ಭಾಷೆ ಬೇರೆ. ಅಧಿಕಾರಿಯ ಪ್ರೀತಿಯೊಂದನ್ನೇ ನಂಬಿಕೊಂಡ ಹಬ್ಬ ಎಷ್ಟು ದಿನ ನಡೆದೀತು? ಕರಾವಳಿಯ ಗೌಡ ಸಾರಸ್ವತ ಬ್ರಾಹ್ಮಣ ಬಂಧುಗಳು 1955ರಲ್ಲಿ ಆರಂಭಿಸಿದ ಕಿಂಗ್ಸ್ ಸರ್ಕಲ್ಲಿನ ಗಣೇಶೋತ್ಸವ ಇಂದು ಮುಂಬಯಿಗರೆಲ್ಲರ ಹಬ್ಬವಾಗಿದೆ. ಬಂದವರು ಊರಿನವರಾಗುವ ಹಾದಿಯಲ್ಲಿ ಬೀದಿಯ ಹಬ್ಬ ಒಂದು ಮುಖ್ಯ ಮೆಟ್ಟಲು. ಅಲ್ಲಿ ಕಾನೂನು ಕೇಳಬೇಕಾದದ್ದು ಸ್ಥಳ, ವೇಳೆ, ದಾರಿ, ಸದ್ದು, ನಮ್ಮ ಮನೆಮಾತನ್ನಲ್ಲ.

ಆದರೆ ಹಕ್ಕಿನ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಹಬ್ಬಗಳು ಬೆಳೆದಂತೆ ಬೀದಿಯ ಇನ್ನೊಬ್ಬ ಪಾಲುದಾರ ನ್ಯಾಯಾಲಯದ ಬಾಗಿಲು ತಟ್ಟಿದ. ಅವನು ರೋಗಿ, ಓದುವ ಹುಡುಗ, ಕಾಲ್ದಾರಿಯಲ್ಲಿ ನಡೆಯುವ ಮುದುಕ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಾತ್ರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಲು ರಾಜ್ಯಸರಕಾರಕ್ಕೆ ಆಮೇಲೆ ಅವಕಾಶವಾಯಿತು. 2010ರಲ್ಲಿ ಶಿವಾಜಿ ಪಾರ್ಕನ್ನೇ ಮುಂಬಯಿ ಉಚ್ಚ ನ್ಯಾಯಾಲಯ ಶಾಂತ ವಲಯವೆಂದು ಸಾರಿತು. ರಸ್ತೆ, ಕಾಲ್ದಾರಿಗಳನ್ನು ತಡೆಗಟ್ಟಿ ಮಂಟಪ ಹಾಕುವುದು ಧಾರ್ಮಿಕ ಹಕ್ಕಿನಲ್ಲಿ ಸೇರಿಲ್ಲವೆಂದು ಅದೇ ನ್ಯಾಯಾಲಯ 2016ರಲ್ಲಿ ಸ್ಪಷ್ಟಪಡಿಸಿತು.

ಇದರಿಂದ ನಮ್ಮವರಿಗೆ ನಷ್ಟವೂ ಆಗಿದೆಯೆನ್ನದೆ ವಿಧಿಯಿಲ್ಲ. ಬಯಲಿನಲ್ಲಿ ಬೆಳಗಾಗುವವರೆಗೆ ಚೆಂಡೆ ಕೇಳಿ ಬೆಳೆದವರಿಗೆ ಹತ್ತು ಗಂಟೆಗೇ ಮಂಗಳ ಹಾಡುವ ಯಕ್ಷಗಾನ ಅರೆಹೊಟ್ಟೆಯ ಊಟ. ಮುಚ್ಚಿದ ಸಭಾಗೃಹದೊಳಗೆ ಒಳಗಿನವರಿಗಷ್ಟೇ ಕೇಳುವಂತೆ ಧ್ವನಿವರ್ಧಕ ಬಳಸಲು ನಿಯಮದಲ್ಲಿ ಎಡೆಯಿದೆಯೆಂಬುದು ಸಮಾಧಾನ. ಆದರೆ ಬಯಲಿನ ಹಿಮ್ಮೇಳವೇ ಬೇರೆ, ಗೋಡೆಗಳ ನಡುವಿನದೇ ಬೇರೆ. ಹಾಗೆಂದು ಪಕ್ಕದ ಮನೆಯ ಕೂಸಿನ ನಿದ್ರೆಗೆ ನಮ್ಮ ಭಾಗವತಿಕೆಗಿಂತ ಕಡಿಮೆ ಬೆಲೆ ಕಟ್ಟಲೂ ಆಗದು.

2020ರಲ್ಲಿ ಕೊರೋನಾ ಹಾವಳಿಯಿಂದ ಸಾರ್ವಜನಿಕ ಗಣಪತಿಯ ಎತ್ತರವನ್ನು ಸರಕಾರ 4 ಅಡಿಗೆ ಇಳಿಸಿತು. 1934ರಿಂದ ನಡೆದುಬಂದ ಲಾಲಬಾಗಿನ ಉತ್ಸವದವರು ಆ ವರ್ಷ ಮೂರ್ತಿಯನ್ನೇ ಕೂಡಿಸದೆ ಆರೋಗ್ಯೋತ್ಸವ ಆಚರಿಸಿದರು. ಸಕಾರಣವಾದ ನಿರ್ಬಂಧವನ್ನು ಜನ ಒಪ್ಪಬಲ್ಲರು ಎಂಬುದನ್ನು ಇದು ತೋರಿಸಿತು. 1912ರ ನಿಯಮಕ್ಕೂ ಇದಕ್ಕೂ ಇರುವ ಅಂತರ ಕಠೋರತೆಯದಲ್ಲ; ಅಂದು ಆಳುವವರ ಭಯ, ಇಂದು ಎಲ್ಲರ ಜೀವ.

ಈಗ ಅರ್ಜಿಗಳು ಗಣಕಯಂತ್ರದಲ್ಲಿ ಹೋಗುತ್ತವೆ; ಹಲವು ಒಪ್ಪಿಗೆಗಳು ಒಂದೇ ಕಿಟಕಿಯಿಂದ ಸಿಗಲೆಂಬ ಪ್ರಯತ್ನ ನಡೆದಿದೆ. ಅನುಕೂಲವೇನೋ ಸರಿ. ಆದರೆ ನಮ್ಮ ಸಂಘಗಳ ಕಪಾಟುಗಳಲ್ಲಿ ಧೂಳು ಹಿಡಿದಿರುವ ಹಳೆಯ ಪರವಾನಗಿಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡಬೇಕೆಂದು ಕಾರ್ಯಕಾರಿ ಸಮಿತಿಗಳಲ್ಲಿ ವಿನಂತಿ. ಯಾವ ವರ್ಷ, ಯಾವ ಮೈದಾನದಲ್ಲಿ, ಎಷ್ಟು ಗಂಟೆಯವರೆಗೆ ನಾವು ಕನ್ನಡದಲ್ಲಿ ಹಾಡಿದೆವು, ಕುಣಿದೆವು ಎಂಬುದಕ್ಕೆ ಅವು ಮೊಹರು ಬಿದ್ದ ಸಾಕ್ಷಿಗಳು. ಮುಂದೆ ಹೊರನಾಡ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಭಾಷಣಗಳ ಕಡತಕ್ಕಿಂತ ಈ ಚೀಟಿಗಳೇ ಹೆಚ್ಚು ಹೇಳಿಯಾವು.