ಕಪ್ಪುಮದ್ದು ಮತ್ತು ಸನ್ನೆಯ ಕೋವಿ

ಅಮೆರಿಕದ ವಿಂಚೆಸ್ಟರ್ ಕಂಪನಿಯ 1873ರ ಮಾದರಿಯು ಲಿವರ್ ಆ್ಯಕ್ಷನ್ ರೈಫಲ್, ಅಂದರೆ ಹಿಡಿಯ ಕೆಳಗಿನ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ನಳಿಗೆಗೆ ಸೇರಿಸುವ ಕೋವಿ. ಅದಕ್ಕಾಗಿ ರೂಪುಗೊಂಡ .44-40 ತೋಟಾದ ಹೆಸರಿನಲ್ಲಿರುವ 40 ಎಂಬುದು ಮದ್ದಿನ ತೂಕವನ್ನು ಗ್ರೇನ್‌ಗಳಲ್ಲಿ ಹೇಳುತ್ತದೆ. ಅದು ಸುಮಾರು 2.6 ಗ್ರಾಂ.

ಆ ಮದ್ದು ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಬೆರೆಸಿದ ಹಳೆಯ ಕಪ್ಪುಮದ್ದೇ. (ಅಂತರ್ಯುದ್ಧ ಆರಂಭವಾದ 1861ರಲ್ಲಿ ಅಮೆರಿಕ ಸರ್ಕಾರ ಭಾರತದ ಪೆಟ್ಲುಪ್ಪನ್ನು ಕೊಳ್ಳಲು ಮದ್ದು ತಯಾರಕ ಲಾಮೊಟ್ ಡುಪಾಂಟ್‌ನನ್ನು ಲಂಡನ್ನಿಗೆ ಕಳುಹಿಸಿತೆಂಬುದನ್ನು ನೆನೆದರೆ, ಈ ಕೋವಿಗಳ ಚರಿತ್ರೆಯನ್ನು ಅಮೆರಿಕದ್ದಷ್ಟೇ ಎನ್ನಲಾಗದು.) ಉರಿದಾಗ ಕಪ್ಪುಮದ್ದಿನ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನರೂಪದ ಕಿಟ್ಟವಾಗಿ ಉಳಿಯುತ್ತಿತ್ತು, ಆ ಕಿಟ್ಟ ತೇವವನ್ನು ಹೀರಿ ಉಕ್ಕಿಗೆ ತುಕ್ಕು ತರುತ್ತಿದ್ದುದರಿಂದ ನಳಿಗೆಯನ್ನು ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರುವುದು ಅನಿವಾರ್ಯವಾಗಿತ್ತು. ನಾಜೂಕಾದ ಸನ್ನೆಯ ಯಂತ್ರಕ್ಕೆ ಈ ಮಸಿಯೇ ದೊಡ್ಡ ಶತ್ರುವಾಗಬೇಕಿತ್ತು, ಆದರೆ .44-40ರ ತೆಳುವಾದ ಹಿತ್ತಾಳೆಯ ಕವಚವು ಸ್ಫೋಟದ ಒತ್ತಡಕ್ಕೆ ಹಿಗ್ಗಿ ನಳಿಗೆಯ ಬುಡದ ಗೋಡೆಗೆ ಅಂಟಿಕೊಂಡು, ಹೊಗೆ ಹಿಂದಕ್ಕೆ ನುಗ್ಗದಂತೆ ಬಿರಡೆಯಾಗುತ್ತಿತ್ತು. ಈ ಕೋವಿಯ ಖ್ಯಾತಿಯಲ್ಲಿ ಯಂತ್ರದಷ್ಟೇ ಪಾಲು ಈ ತೆಳುಗವಚಕ್ಕೂ ಸಲ್ಲಬೇಕು.

1895ರಲ್ಲಿ ಹೊಗೆರಹಿತ ಮದ್ದಿನ .30-30 ತೋಟಾ ಬಂದಾಗ, ಅದರ ಹೆಚ್ಚಿನ ಒತ್ತಡವನ್ನು ತಾಳಲು ವಿಂಚೆಸ್ಟರ್ ತನ್ನ 1894ರ ಮಾದರಿಗೆ ನಿಕಲ್ ಬೆರೆತ ಉಕ್ಕಿನ ನಳಿಗೆಯನ್ನು ಅಳವಡಿಸಿತು.