ಕಡಲಿನ ಉಪ್ಪಿನ ಲೆಕ್ಕ: ಖಾನಾಪುರದಿಂದ ಎರಡು ಸಮುದ್ರಗಳಿಗೆ

ಬೆಳಗಾವಿ ಜಿಲ್ಲೆಯ ಭೂಪಟವನ್ನು ಒಮ್ಮೆ ಮುಂದಿಟ್ಟುಕೊಳ್ಳಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟುತ್ತದೆ. ಅದೇ ತಾಲ್ಲೂಕಿನ ದೇಗಾಂವ್ ಬಳಿ ಮಹದಾಯಿ ಹುಟ್ಟುತ್ತದೆ. ಮಲಪ್ರಭಾ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯೊಂದಿಗೆ ಬೆರೆತು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಮಹದಾಯಿ ಪಶ್ಚಿಮಕ್ಕಿಳಿದು, ಗೋವೆಯಲ್ಲಿ ಮಾಂಡೋವಿ ಎಂಬ ಹೆಸರು ಪಡೆದು, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ಕಡಲುಗಳ ಪಾಲಾಗುತ್ತದೆ.

ನದಿಗಳ ನೀರು ಸಿಹಿ, ಕಡಲುಗಳ ನೀರು ಉಪ್ಪು. ಹಾಗಾದರೆ ಈ ಉಪ್ಪು ಎಲ್ಲಿಂದ ಬಂತು? ಇದಕ್ಕೆ ಉತ್ತರ ಕಂಡುಕೊಳ್ಳಲು ವಿಜ್ಞಾನಿಗಳಿಗೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಉತ್ತರಕ್ಕೂ ನಮ್ಮ ಭಾಗದ ಒಂದು ಜೀವಂತ ಪ್ರಶ್ನೆಗೂ ಸಂಬಂಧವಿದೆ.

ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿ 1715ರಲ್ಲಿ ಒಂದು ಸಲಹೆ ಮಂಡಿಸಿದ. ನದಿಗಳು ನೆಲದಿಂದ ಅತ್ಯಲ್ಪ ಪ್ರಮಾಣದ ಲವಣಗಳನ್ನು ತರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಆದ್ದರಿಂದ ಲವಣಾಂಶ ಹೆಚ್ಚುವ ದರ ತಿಳಿದರೆ ಸಮುದ್ರದ ವಯಸ್ಸನ್ನೂ ತಿಳಿಯಬಹುದು! ಪ್ರಾಚೀನ ಗ್ರೀಕರು, ರೋಮನರು ತಮ್ಮ ಕಾಲದ ಸಮುದ್ರದ ಉಪ್ಪನ್ನು ಅಳೆದು ಬರೆದಿಡಲಿಲ್ಲವಲ್ಲ ಎಂದು ಆತ ವಿಷಾದಪಟ್ಟ.

ಆದರೆ ಉಪ್ಪನ್ನು ಅಳೆಯುವುದು ಹೇಗೆ? ನೀರನ್ನು ಇಂಗಿಸಿ, ಉಳಿದದ್ದನ್ನು ತೂಗಿದರೆ ಸಾಲದೆ ಎಂದು ನೀವು ಕೇಳಬಹುದು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ನೆನೆಸಿಕೊಳ್ಳಿ. ಬಿಸಿಲಿಗೆ ಕಡಲ ನೀರು ಇಂಗುತ್ತ ಬಂದಂತೆ ಮೊದಲು ಕ್ಯಾಲ್ಸಿಯಮ್ ಕಾರ್ಬೊನೇಟ್, ಬಳಿಕ ಜಿಪ್ಸಮ್, ಆಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತವೆ. ಕೊನೆಗೆ ಮೆಗ್ನೀಸಿಯಮ್ ಲವಣಗಳಿರುವ ಕಹಿ ನೀರು ಉಳಿಯುತ್ತದೆ. ಅದು ಸುಲಭವಾಗಿ ಒಣಗುವುದಿಲ್ಲ. ಬಲವಂತವಾಗಿ ಕಾಯಿಸಿದರೆ ಕ್ಲೋರಿನ್ ಅಂಶದಲ್ಲಿ ಸ್ವಲ್ಪ ಭಾಗ ಹೈಡ್ರೊಕ್ಲೋರಿಕ್ ಆಮ್ಲವಾಗಿ ಹಾರಿಹೋಗುತ್ತದೆ. ಹೀಗಾಗಿ ತೂಕ ತಪ್ಪುತ್ತದೆ.

ಈ ತೊಡಕಿಗೆ ದಾರಿ ತೋರಿದ್ದು ಪ್ರಕೃತಿಯೇ. ಬೇರೆ ಬೇರೆ ಸಮುದ್ರಗಳಲ್ಲಿ ಒಟ್ಟು ಲವಣ ಹೆಚ್ಚುಕಡಿಮೆ ಇರಬಹುದು, ಆದರೆ ಲವಣಗಳ ಪರಸ್ಪರ ಅನುಪಾತ ಬಹುಮಟ್ಟಿಗೆ ಒಂದೇ ಎಂದು 1819ರಲ್ಲಿ ಲಂಡನ್ನಿನ ಅಲೆಗ್ಸಾಂಡರ್ ಮಾರ್ಸೆ ಸೂಚಿಸಿದ. 1865ರಲ್ಲಿ ಡೆನ್ಮಾರ್ಕಿನ ಫೋರ್ಶ್‌ಹಾಮರ್ ಅದನ್ನು ನೂರಾರು ಮಾದರಿಗಳಿಂದ ಸಮರ್ಥಿಸಿದ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ನೀರಿನಲ್ಲಿ 77 ಮಾದರಿಗಳನ್ನು ವಿಲಿಯಮ್ ಡಿಟ್‌ಮಾರ್ ಅತ್ಯಂತ ಎಚ್ಚರಿಕೆಯಿಂದ ವಿಶ್ಲೇಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಸಮುದ್ರದಲ್ಲಿ ವಿಲೀನವಾದ ಲವಣಗಳ ತೂಕದಲ್ಲಿ ಕ್ಲೋರೈಡ್ ಸುಮಾರು 55%, ಸೋಡಿಯಮ್ 31%, ಸಲ್ಫೇಟ್ 8%, ಮೆಗ್ನೀಸಿಯಮ್ 4%. ಕ್ಯಾಲ್ಸಿಯಮ್, ಪೊಟ್ಯಾಸಿಯಮ್ ತಲಾ 1%ಕ್ಕಿಂತ ತುಸು ಹೆಚ್ಚು.

ಇದರ ಅನುಕೂಲವನ್ನು ಗಮನಿಸಿ. ಅನುಪಾತ ಸ್ಥಿರವಾಗಿದ್ದರೆ ಒಂದನ್ನು ಅಳೆದರೆ ಸಾಕು, ಉಳಿದವೂ ತಿಳಿದಂತೆಯೇ. ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಕ್ಲೋರೈಡನ್ನು ಅಳೆದು ಒಟ್ಟು ಲವಣತೆಯನ್ನು ಓದಿಕೊಳ್ಳುವ ಕೋಷ್ಟಕಗಳನ್ನು ಮಾರ್ಟಿನ್ ಕ್ನೂಡ್ಸನ್ 1901ರಲ್ಲಿ ಸಿದ್ಧಪಡಿಸಿದ. ಮುಂದೆ ಈ ಕೆಲಸವನ್ನು ಭೌತವಿಜ್ಞಾನ ವಹಿಸಿಕೊಂಡಿತು. 1978ರ ಪ್ರಾಯೋಗಿಕ ಲವಣತಾ ಮಾನಕವು ನೀರಿನ ವಿದ್ಯುದ್ವಾಹಕತೆಯನ್ನೇ ಆಧರಿಸಿದೆ.

ಸಾಗರದ ಸರಾಸರಿ ಲವಣತೆ ಕಿಲೋಗ್ರಾಮಿಗೆ 35 ಗ್ರಾಂ. ಆದರೆ ನಮ್ಮ ಎರಡು ಕಡಲುಗಳು ಒಂದೇ ತೆರನಲ್ಲ. ಅರಬ್ಬೀ ಸಮುದ್ರದಲ್ಲಿ ಮಳೆ ಮತ್ತು ನದಿಗಳು ತರುವುದಕ್ಕಿಂತ ಹೆಚ್ಚು ನೀರು ಆವಿಯಾಗುತ್ತದೆ. ಅದರ ಮೇಲ್ಪದರದ ಲವಣತೆ ಬಹುಭಾಗದಲ್ಲಿ 36ರ ಆಸುಪಾಸು. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರ, ಐರಾವತಿ, ಗೋದಾವರಿ, ಕೃಷ್ಣೆಯರು ನೀರು ತುಂಬುತ್ತಾರೆ. ಮಳೆಗಾಲದ ನಂತರ ಅದರ ಉತ್ತರ ಭಾಗದಲ್ಲಿ ಲವಣತೆ 30ಕ್ಕಿಂತಲೂ ಕೆಳಗಿಳಿಯುವುದುಂಟು.

ಈಗ ಹ್ಯಾಲಿಯ ಪ್ರಶ್ನೆಗೆ ಮರಳೋಣ. 1899ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಸಾಗರದಲ್ಲಿರುವ ಒಟ್ಟು ಸೋಡಿಯಮ್ಮನ್ನು ನದಿಗಳು ವರ್ಷಕ್ಕೆ ತರುವ ಸೋಡಿಯಮ್ಮಿನಿಂದ ಭಾಗಿಸಿದ. ಉತ್ತರ 8ರಿಂದ 9 ಕೋಟಿ ವರ್ಷ! ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ಇಂದು ವಿಕಿರಣಶೀಲತೆಯ ಅಳತೆಗಳಿಂದ ತಿಳಿದಿದೆ. ಜೋಲಿಯ ಭಾಗಾಕಾರ ಸರಿಯಾಗಿಯೇ ಇತ್ತು. ಬಂದ ಲವಣ ಸಮುದ್ರದಲ್ಲೇ ಉಳಿಯುತ್ತದೆ ಎಂಬ ಊಹೆ ತಪ್ಪಾಗಿತ್ತು.

ಈ ಊಹೆಯನ್ನು ಅನುಮಾನಿಸಲು ನದಿನೀರೇ ಸಾಕ್ಷಿ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ, ನಮ್ಮ ದಖ್ಖನ್ನಿನ ಕಪ್ಪುಶಿಲೆಯಂಥ ಬಂಡೆಗಳನ್ನು ನಿಧಾನವಾಗಿ ಕರಗಿಸುತ್ತದೆ. ಹಾಗಾಗಿ ನದಿಗಳಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದು ಕ್ಯಾಲ್ಸಿಯಮ್, ಬೈಕಾರ್ಬೊನೇಟ್ ಮತ್ತು ಸಿಲಿಕಾ. ಸಮುದ್ರದಲ್ಲಿ ಹೆಚ್ಚಿರುವುದು ಸೋಡಿಯಮ್, ಕ್ಲೋರೈಡ್. ನದಿ ತಂದ ಕ್ಯಾಲ್ಸಿಯಮ್ಮನ್ನು ಚಿಪ್ಪು, ಹವಳಗಳು ಕಟ್ಟಿಕೊಳ್ಳುತ್ತವೆ. ಸಿಲಿಕಾವನ್ನು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಕವಚವಾಗಿಸಿಕೊಳ್ಳುತ್ತವೆ. ಕ್ಲೋರಿನ್ನಿನ ಬಹುಭಾಗ ಭೂಮಿಯ ಒಳಗಿನಿಂದ ಅನಿಲರೂಪದಲ್ಲಿ ಹೊರಬಂದದ್ದೆಂದು 1951ರಲ್ಲಿ ವಿಲಿಯಮ್ ರೂಬಿ ವಾದಿಸಿದ. 1977ರಲ್ಲಿ ಗಲಾಪಗೋಸ್ ಬಳಿ ಕಂಡ ಸಾಗರತಳದ ಬಿಸಿನೀರಿನ ಬುಗ್ಗೆಗಳು, ಮೆಗ್ನೀಸಿಯಮ್ ಬಂಡೆಗಳಿಗೆ ಹಿಂತಿರುಗುವ ದಾರಿಯನ್ನು ತೋರಿಸಿದವು.

ಅಂದರೆ ಸಮುದ್ರ ಉಪ್ಪಿನ ಕಣಜವಲ್ಲ, ಜಮಾ ಖರ್ಚು ಎರಡೂ ಇರುವ ಖಾತೆ. ಒಂದು ಧಾತು ಆ ಖಾತೆಯಲ್ಲಿ ಸರಾಸರಿ ಎಷ್ಟು ಕಾಲ ಇರುತ್ತದೆ ಎಂಬುದೇ ಅದರ ವಾಸಕಾಲ. ಈ ಕಲ್ಪನೆಯನ್ನು 1952ರಲ್ಲಿ ನಾರ್ವೆಯ ಟಾಮ್ ಬಾರ್ತ್ ಮಂಡಿಸಿದ. ಸೋಡಿಯಮ್ಮಿನ ವಾಸಕಾಲ ಹಲವು ಕೋಟಿ ವರ್ಷ, ಕ್ಯಾಲ್ಸಿಯಮ್ಮಿನದು ಸುಮಾರು 10 ಲಕ್ಷ ವರ್ಷ, ಸಿಲಿಕಾದ್ದು ಕೇವಲ ಹತ್ತು ಇಪ್ಪತ್ತು ಸಾವಿರ ವರ್ಷ. ಸಾಗರದ ನೀರೆಲ್ಲ ಒಮ್ಮೆ ಕಲಕಿ ಬೆರೆಯಲು ಸಾವಿರ ವರ್ಷದ ಆಸುಪಾಸು ಸಾಕು. ಡಿಟ್‌ಮಾರ್ ಕಂಡ ಸ್ಥಿರ ಅನುಪಾತದ ಗುಟ್ಟು ಇಲ್ಲಿದೆ: ದೀರ್ಘಕಾಲ ಉಳಿಯುವ ಲವಣಗಳು ಚೆನ್ನಾಗಿ ಬೆರೆತುಹೋಗಿವೆ.

ಇನ್ನು ನಾನು ಮೊದಲು ಹೇಳಿದ ಪ್ರಶ್ನೆ. ನಾನಿರುವ ರಾಮತೀರ್ಥ ನಗರದಲ್ಲಿ, ಖಾನಾಪುರದಲ್ಲಿ, ನರಗುಂದದಲ್ಲಿ ಮಹದಾಯಿಯ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕೇಳಿಬರುತ್ತದೆ: 'ನೀರು ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ.' ಸಮುದ್ರದ ಉಪ್ಪಿನ ದೃಷ್ಟಿಯಿಂದ ನೋಡಿದರೆ ಒಂದು ನದಿಯ ನೀರು ಏನೂ ಅಲ್ಲ. ಸೋಡಿಯಮ್ಮಿನ ಖಾತೆಗೆ ಅದು ಗೊತ್ತೂ ಆಗದು. ಆದರೆ ಸಿಲಿಕಾ, ನೈಟ್ರೇಟುಗಳ ಖಾತೆ ಚಿಕ್ಕದು, ಅದರ ಏರಿಳಿತ ದಡದ ಬಳಿಯೇ ಕಾಣುತ್ತದೆ. ಡ್ಯಾನ್ಯೂಬ್ ನದಿಗೆ 1970ರ ದಶಕದಲ್ಲಿ ಐರನ್ ಗೇಟ್ಸ್ ಅಣೆಕಟ್ಟು ಬಂದ ಬಳಿಕ ಕಪ್ಪು ಸಮುದ್ರದಲ್ಲಿ ಸಿಲಿಕಾ ಕುಗ್ಗಿ, ಡಯಾಟಮ್‌ಗಳ ಜಾಗಕ್ಕೆ ಬೇರೆ ಸೂಕ್ಷ್ಮಸಸ್ಯಗಳು ಬಂದವೆಂದು 1997ರಲ್ಲಿ ಸಂಶೋಧಕರು ವರದಿ ಮಾಡಿದರು. ಅದರಲ್ಲಿ ಅಣೆಕಟ್ಟಿನ ಪಾಲೆಷ್ಟು ಎಂಬ ಚರ್ಚೆ ಆಮೇಲೂ ನಡೆಯಿತು. ಮೀನಿನ ಆಹಾರ ಸರಪಳಿಯ ಬುಡದಲ್ಲಿರುವುದು ಇಂಥ ಜೀವಿಗಳೇ.

ಹಾಗೆಂದು ಬರಗಾಲದಲ್ಲಿ ಬೆಂದ ಮಲಪ್ರಭಾ ಪ್ರದೇಶದ ರೈತನ ಅಥವಾ ಹುಬ್ಬಳ್ಳಿ-ಧಾರವಾಡದ ನಲ್ಲಿಯ ಬೇಡಿಕೆ ಸುಳ್ಳಾಗುವುದಿಲ್ಲ. 2018ರಲ್ಲಿ ನ್ಯಾಯಾಧಿಕರಣ ನೀರಿನ ಹಂಚಿಕೆಯ ತೀರ್ಪು ಕೊಟ್ಟಿತು, ವಿವಾದ ಅಲ್ಲಿಗೆ ಮುಗಿಯಲಿಲ್ಲ. ಯಾರಿಗೆ ಎಷ್ಟು ಎಂಬುದನ್ನು ರಸಾಯನವಿಜ್ಞಾನ ತೀರ್ಮಾನಿಸಲಾರದು. ಆದರೆ ಸಮುದ್ರಕ್ಕೆ ಹೋದ ನೀರನ್ನು 'ವ್ಯರ್ಥ' ಎಂಬ ಶೀರ್ಷಿಕೆಯಡಿ ಬರೆಯುವುದು ತಪ್ಪು ಲೆಕ್ಕ ಎಂದು ಹೇಳಬಲ್ಲದು. ಹೆಚ್ಚು ರಸಗೊಬ್ಬರ ಹೊತ್ತ ನೀರು ಸೇರಿದರೂ ತೊಂದರೆಯೇ. ಭಾರತದ ಪಶ್ಚಿಮ ಕರಾವಳಿಯಲ್ಲಿ ಆಮ್ಲಜನಕದ ಕೊರತೆ ತೀವ್ರವಾಗುತ್ತಿದೆ, ಅದಕ್ಕೆ ನೆಲದಿಂದ ಬರುವ ನೈಟ್ರೇಟೂ ಕಾರಣವಿರಬಹುದು ಎಂದು ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಹೋದ್ಯೋಗಿಗಳು 2000ದಲ್ಲಿ ತಿಳಿಸಿದರು.

ಅದೇ ಸಂಸ್ಥೆ 1997ರಲ್ಲಿ ಗೋವೆಯ ಕಾಂದೋಳಿಯ ಎದುರಿನ ಕಡಲಲ್ಲಿ, ಮಾಂಡೋವಿಯ ಮುಖದಿಂದ ಹೆಚ್ಚು ದೂರವಲ್ಲದ ಒಂದೇ ಜಾಗದಲ್ಲಿ, ಮತ್ತೆ ಮತ್ತೆ ನೀರೆತ್ತಿ ಅಳೆಯುವ ಕೆಲಸ ಆರಂಭಿಸಿತು. ಪ್ರಾಚೀನರು ಬರೆದಿಡಲಿಲ್ಲವೆಂದು ಹ್ಯಾಲಿ ಕೊರಗಿದ್ದು ಇಂಥ ದಾಖಲೆಗಾಗಿಯೇ. ನದಿಗಳ ಬಗ್ಗೆ ನಾವು ತೆಗೆದುಕೊಳ್ಳುವ ನಿರ್ಧಾರಗಳ ಪರಿಣಾಮವನ್ನು ಮುಂದಿನವರು ಓದುವುದು ಇಂಥ ದಾಖಲೆಗಳಲ್ಲೇ. ಆದ್ದರಿಂದ ಕಣಕುಂಬಿಯಿಂದ ಕಡಲಿನವರೆಗೆ ಅಳತೆ ತಪ್ಪದೆ ನಡೆಯಬೇಕು.