ಕೋಷ್ಟಕಗಳ ಸಂಬಂಧ ಮತ್ತು ಜಾಯಿನ್: ಪಹಣಿಯಿಂದ ಇ-ಖಾತೆಯವರೆಗೆ

ಬೇರೆ ಬೇರೆ ಕೋಷ್ಟಕಗಳಲ್ಲಿರುವ ಮಾಹಿತಿಯನ್ನು ಸಮಾನ ಗುರುತಿನ ಆಧಾರದಲ್ಲಿ ಕೂಡಿಸಿ ಓದುವುದೇ ಜಾಯಿನ್. ಐಬಿಎಂನ ಎಡ್ಗರ್ ಕಾಡ್ 1970ರ ಪ್ರಬಂಧದಲ್ಲಿ ಇದಕ್ಕೆ ತಳಹದಿ ಹಾಕಿದರು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಸೀಕ್ವೆಲ್ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಯಿತು. ಇನ್ನರ್, ಔಟರ್, ಕ್ರಾಸ್ ಎಂದು ಜಾಯಿನ್‌ಗಳನ್ನು ಹೆಸರಿಸಿ ಬರೆಯುವ ಕ್ರಮ ಆ ಭಾಷೆಯ 1992ರ ಮಾನಕದಲ್ಲಿ ಬಂತು.

ಕರ್ನಾಟಕದ ರೈತರಿಗೆ ಈ ವಿದ್ಯೆಯ ಫಲ ಮುಟ್ಟಿದ್ದು ಜಮೀನಿನ ಹಕ್ಕುದಾಖಲೆಯಾದ ಪಹಣಿಯ ಮೂಲಕ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮ ಲೆಕ್ಕಿಗರ ಕೈಬರಹಕ್ಕೆ ಕಾಯಬೇಕಿದ್ದವರಿಗೆ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಇದು ಸಣ್ಣ ಬದಲಾವಣೆಯಲ್ಲ.

ಪಹಣಿಯನ್ನೇ ಬಿಡಿಸಿ ನೋಡಿದರೆ ಸಂಬಂಧಗಳ ಬಗೆ ಅರ್ಥವಾಗುತ್ತದೆ. ಒಂದು ಗ್ರಾಮಕ್ಕೆ ಹಲವು ಸರ್ವೆ ನಂಬರುಗಳು: ಇದು ಒಂದಕ್ಕೆ ಹಲವು. ಜಂಟಿ ಖಾತೆಯಲ್ಲಿ ಒಂದೇ ಜಮೀನಿಗೆ ಅಣ್ಣತಮ್ಮಂದಿರೆಲ್ಲ ಹಕ್ಕುದಾರರು, ಅವರಲ್ಲಿ ಒಬ್ಬೊಬ್ಬರಿಗೂ ಬೇರೆ ಜಮೀನುಗಳು: ಇದು ಹಲವಕ್ಕೆ ಹಲವು. ಇದನ್ನು ನಿಭಾಯಿಸಲು ಯಾರಿಗೆ ಯಾವ ಜಮೀನಿನಲ್ಲಿ ಎಷ್ಟು ಪಾಲು ಎಂದು ಹೇಳುವ ನಡುವಣ ಕೋಷ್ಟಕ ಬೇಕು. ಸರ್ವೆ ನಂಬರ್ 45 ಎಷ್ಟೋ ಊರುಗಳಲ್ಲಿದೆ. ಆದ್ದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲವೂ ಸೇರಿದರೇ ಜಮೀನನ್ನು ಗುರುತಿಸುವ ಕೀಲಿ ಪೂರ್ಣ. ಒಂದು ತಪ್ಪಿದರೂ ಒಬ್ಬರ ಹೊಲ ಇನ್ನೊಬ್ಬರ ಹೆಸರಿಗೆ ಅಂಟೀತು.

ಹೊಲಗಳು ನಗರವಾದ ಕಡೆ, ಉದಾಹರಣೆಗೆ ಬೆಂಗಳೂರಿನ ಕಲ್ಯಾಣ ನಗರದಲ್ಲಿ, ತೊಡಕು ಇನ್ನೂ ಹೆಚ್ಚು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಎಚ್‌ಆರ್‌ಬಿಆರ್, ಅಂದರೆ ಹೆಣ್ಣೂರು ರಸ್ತೆ–ಬಾಣಸವಾಡಿ ರಸ್ತೆ ಬಡಾವಣೆಗೆ ಸೇರಿದ ಪ್ರದೇಶವಿದು. ಹಳ್ಳಿಯ ಹೊಲಗಳು ಬಡಾವಣೆಯಾದಾಗ ಒಂದು ಸರ್ವೆ ನಂಬರಿನಲ್ಲಿ ಹಲವು ನಿವೇಶನಗಳು ಏಳುತ್ತವೆ. ಒಂದೇ ನಿವೇಶನ ಎರಡು ಸರ್ವೆ ನಂಬರುಗಳ ಗಡಿಯ ಮೇಲೂ ಕೂರಬಹುದು.

ನಿವೇಶನಗಳ ಪಟ್ಟಿಯನ್ನು ಖಾತೆಗಳ ಪಟ್ಟಿಯೊಂದಿಗೆ ಇನ್ನರ್ ಜಾಯಿನ್ ಮಾಡಿದರೆ ಎರಡರಲ್ಲೂ ಹೊಂದುವ ಸಾಲುಗಳಷ್ಟೇ ಉಳಿಯುತ್ತವೆ. ಖಾತೆಯಿಲ್ಲದ ನಿವೇಶನ ಸದ್ದಿಲ್ಲದೆ ಮಾಯವಾಗುತ್ತದೆ. ನಿವೇಶನಗಳನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಮಾಡಿದರೆ ಅವೆಲ್ಲವೂ ಉಳಿದು, ಖಾತೆಯಿಲ್ಲದವುಗಳ ಎದುರು ಖಾತೆಯ ಜಾಗ ಖಾಲಿ ಬೀಳುತ್ತದೆ. ಆಡಳಿತಕ್ಕೆ ಮುಖ್ಯವಾದದ್ದು ಆ ಖಾಲಿ ಜಾಗವೇ. ಫುಲ್ ಔಟರ್ ಜಾಯಿನ್ ನಿವೇಶನ ಸಿಗದ ಖಾತೆಗಳನ್ನೂ ತೋರಿಸುತ್ತದೆ. ಕ್ರಾಸ್ ಜಾಯಿನ್‌ಗೆ ಇಲ್ಲಿ ಕೆಲಸವಿಲ್ಲ: 1,000 ನಿವೇಶನ, 1,000 ಖಾತೆ ಕೊಟ್ಟರೆ 10 ಲಕ್ಷ ಸಾಲು ಸುರಿಯುತ್ತದೆ.

2024ರಲ್ಲಿ ಬೆಂಗಳೂರಿನ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಗಣಕೀಕೃತ ಖಾತೆ, ಕಡ್ಡಾಯವಾದ ಮೇಲೆ ಖಾತೆ ಮತ್ತು ನೋಂದಣಿಯ ದಾಖಲೆಗಳು ಹೊಂದಲೇಬೇಕಾಯಿತು. ಒಂದೆಡೆ ‘ಮುನಿಯಪ್ಪ ಬಿನ್ ಚಿಕ್ಕಣ್ಣ’, ಇನ್ನೊಂದೆಡೆ ‘ಸಿ. ಮುನಿಯಪ್ಪ’ ಎಂದಿದ್ದರೆ ಗಣಕಕ್ಕೆ ಅವರು ಇಬ್ಬರು. ಹೆಸರಿನ ಮೇಲೆ ಜಾಯಿನ್ ಮಾಡದೆ, ಆಸ್ತಿಗೆ ಕೊಟ್ಟ ವಿಶಿಷ್ಟ ಸಂಖ್ಯೆಯ ಮೇಲೆ ಮಾಡುವುದು ಅದಕ್ಕಾಗಿಯೇ.